4,29,49,67,297ನ್ನು ಒಡೆಯುವ ಬಗೆ

2³² + 1 = 4,29,49,67,297. 2ನ್ನು 1, 2, 4, 8, 16, 32 ಹೀಗೆ ಇಮ್ಮಡಿಯಾಗುವ ಘಾತಗಳಿಗೇರಿಸಿ 1 ಕೂಡಿಸಿದರೆ ಬರುವವು ಫರ್ಮಾ ಸಂಖ್ಯೆಗಳು. ಸೊನ್ನೆಯಿಂದ ಎಣಿಸಿದರೆ ಇದು ಐದನೆಯದು. ಇದರ ಹಿಂದಿನ 3, 5, 17, 257, 65537 ಎಲ್ಲವೂ ಅವಿಭಾಜ್ಯ. ಇದೂ ಹಾಗೇ ಇರುತ್ತದೆಂದು 1640ರ ಸುಮಾರಿಗೆ ಗಣಿತಜ್ಞ ಫರ್ಮಾ ನಂಬಿದ್ದರು. 1732ರಲ್ಲಿ ಆಯ್ಲರ್ ಒಡೆದು ತೋರಿಸಿದರು: 641 × 67,00,417.

ಸಣ್ಣ ಅವಿಭಾಜ್ಯಗಳಿಂದ ಒಂದೊಂದಾಗಿ ಭಾಗಿಸುತ್ತ ಹೋದರೆ 641 ಸಿಗುವುದು 116ನೇ ಸಲಕ್ಕೆ. ಅಷ್ಟು ದುಡಿಯಬೇಕಿಲ್ಲ. ಅವಿಭಾಜ್ಯ ಸಂಖ್ಯೆ ‘ಪ’ ಇದನ್ನು ಭಾಗಿಸುತ್ತದೆ ಎನ್ನಿ. ಆಗ ‘ಪ’ದಿಂದ ಭಾಗಿಸಿದಾಗ 2³²ರ ಶೇಷ −1 (ಅಂದರೆ ಪೂರ್ತಿ ಭಾಗವಾಗಲು 1 ಕಡಿಮೆ), ವರ್ಗ ಮಾಡಿದರೆ 2⁶⁴ರ ಶೇಷ 1. ಶೇಷ 1 ಬರುವ 2ರ ಮೊದಲ ಘಾತವೇ 64. ‘ಪ’ ಅವಿಭಾಜ್ಯವಾದ್ದರಿಂದ 2ರ ‘ಪ − 1’ನೇ ಘಾತಕ್ಕೂ ಶೇಷ 1 ಬರುತ್ತದೆ (ಫರ್ಮಾರ ಕಿರು ಪ್ರಮೇಯ). ಹಾಗಾಗಿ 64, ‘ಪ − 1’ನ್ನು ಭಾಗಿಸಲೇಬೇಕು. 64ರ ಗುಣಕಕ್ಕೆ 1 ಕೂಡಿಸಿದ ಅವಿಭಾಜ್ಯಗಳನ್ನಷ್ಟೇ ನೋಡಿದರೆ ಸಾಕು: 193, 257, 449, 577, 641. ಐದನೆಯದಕ್ಕೇ ಕೆಲಸ ಮುಗಿಯಿತು. 64ರ ಬದಲು 128 ಇಟ್ಟರೂ ನಡೆಯುತ್ತದೆಂದು ಮುಂದೆ ಲ್ಯೂಕಾಸ್ ತೋರಿಸಿದರು. ಆಗ ಉಳಿಯುವುದು 257, 641 ಎರಡೇ.

ಭಾಗಾಕಾರವನ್ನೇ ಮಾಡದೆ 641ನ್ನು ಪರೀಕ್ಷಿಸಬಹುದು. ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಅತಿ ಚೆಂದದ ಭಾಗ ಇದು. 641 = 5×2⁷ + 1, ಆದ್ದರಿಂದ 5×2⁷ರ ಶೇಷ −1. ನಾಲ್ಕನೇ ಘಾತಕ್ಕೇರಿಸಿ: 5⁴×2²⁸ರ ಶೇಷ 1. ಇನ್ನೊಂದು ಕಡೆ 641 = 625 + 16 = 5⁴ + 2⁴. ಹಾಗಾಗಿ 5⁴ ಇದ್ದಲ್ಲಿ −2⁴ ಹಾಕಬಹುದು. ಆಗ −2³²ರ ಶೇಷ 1, ಅಂದರೆ 2³² + 1 ನಿಶ್ಶೇಷವಾಗಿ ಭಾಗವಾಗುತ್ತದೆ.

67,00,417 ಅವಿಭಾಜ್ಯವೇ? ಇದರ ವರ್ಗಮೂಲ ಸುಮಾರು 2588. ಇದರ ಭಾಜಕಗಳೂ ಮೂಲ ಸಂಖ್ಯೆಯ ಭಾಜಕಗಳೇ ಆದ್ದರಿಂದ 128ರ ನಿಯಮ ಇಲ್ಲೂ ಅನ್ವಯ. 257, 641, 769, 1153, 1409ರಿಂದ ಭಾಗಿಸಿದರೆ ಶೇಷ ಕ್ರಮವಾಗಿ 170, 44, 120, 334, 622. ಯಾವುದೂ ಸೊನ್ನೆಯಲ್ಲ, ಹಾಗಾಗಿ ಅವಿಭಾಜ್ಯ. ಉಳಿದ ಗುಣಗಳು ಸಲೀಸು: ಒಟ್ಟು ಭಾಜಕ 4, ಅವುಗಳ ಮೊತ್ತ 4,30,16,68,356.

ಎಡವುವ ಜಾಗ: ಒಂದು ಆಧಾರ ಸಂಖ್ಯೆಯನ್ನು ‘ಸಂಖ್ಯೆ − 1’ನೇ ಘಾತಕ್ಕೇರಿಸಿ ಶೇಷ 1 ಬರುತ್ತದೆಯೇ ಎಂದು ನೋಡುವ ಅವಿಭಾಜ್ಯತೆಯ ಪರೀಕ್ಷೆಗೆ 2ನ್ನು ಆಧಾರವಾಗಿ ಹಿಡಿಯಬೇಡಿ. 2⁶⁴ರ ಶೇಷ 1 ಆಗಿರುವುದರಿಂದಲೂ, ಸಂಖ್ಯೆಯಲ್ಲಿ 1 ಕಳೆದರೆ ಬರುವ 2³²ನ್ನು 64 ಭಾಗಿಸುವುದರಿಂದಲೂ ಈ ಸಂಖ್ಯೆ ಪರೀಕ್ಷೆಯಲ್ಲಿ ಪಾಸಾಗಿಬಿಡುತ್ತದೆ. ಆಧಾರ 3 ಇರಲಿ. 3ನ್ನು 31 ಸಲ ವರ್ಗ ಮಾಡುತ್ತ, ಪ್ರತಿ ಸಲ ಶೇಷ ಮಾತ್ರ ಉಳಿಸಿಕೊಳ್ಳಿ. ಅವಿಭಾಜ್ಯವಾಗಿದ್ದರೆ ಕೊನೆಗೆ −1 ಬರಬೇಕಿತ್ತು. ಬರುವುದು 1,03,24,303.

ಪ್ರೋಗ್ರಾಂ ಬರೆಯುವವರು ಗಮನಿಸಿ: ಚಿಹ್ನೆಯಿಲ್ಲದ 32 ಬಿಟ್ ಪೂರ್ಣಾಂಕದಲ್ಲಿ ಈ ಸಂಖ್ಯೆ 1 ಆಗಿ ಕೂರುತ್ತದೆ. 64 ಬಿಟ್‌ನಲ್ಲಿ ಹಿಡಿಸುತ್ತದೆ, ಆದರೆ ಶೇಷ 2³² ಬಂದಾಗ ಅದರ ವರ್ಗ 2⁶⁴, ಅಂದರೆ ಗರಿಷ್ಠ ಮಿತಿಗಿಂತ ಸರಿಯಾಗಿ ಒಂದು ಹೆಚ್ಚು. 1 ಬರಬೇಕಾದಲ್ಲಿ 0 ಕಂಡರೆ ತಪ್ಪು ಇಲ್ಲೇ ಇದೆ. ಗುಣಾಕಾರಕ್ಕೆ 128 ಬಿಟ್ ಬಳಸಿ.