ಮಾಯವಾದವರ ಮನೆಯ ತೊಲೆಗಳು

ಅಮೆರಿಕದ ಅರಿಝೋನಾದ ಬಂಡೆಮನೆಗಳನ್ನು ತೋರಿಸಿ, 'ಇಲ್ಲಿದ್ದವರು ರಾತ್ರೋರಾತ್ರಿ ಮಾಯವಾದರು, ಅನ್ಯಗ್ರಹದವರು ಹೊತ್ತೊಯ್ದರು' ಎನ್ನುವ ವಿಡಿಯೊವನ್ನು ಯಾರೋ ನನಗೆ ಮತ್ತೆ ಕಳುಹಿಸಿದ್ದಾರೆ. ಮಾಯವಾದವರ ಸಂತತಿಯಾದ ಹೋಪಿ ಜನ ಅದೇ ರಾಜ್ಯದಲ್ಲಿ ಇಂದಿಗೂ ಮೆಕ್ಕೆಜೋಳ ಬಿತ್ತುತ್ತಿದ್ದಾರೆ. ಅವರನ್ನು ಒಂದು ಮಾತು ಕೇಳುವ ವ್ಯವಧಾನ ಈ ಕಥೆಗಾರರಿಗಿಲ್ಲ.

ಹೋಪಿಗಳು ಬೇಡವೆಂದರೆ ಆ ಮನೆಗಳ ತೊಲೆಗಳನ್ನಾದರೂ ಕೇಳಬಹುದಿತ್ತು. ಕೇಳಿದವರು ಆಂಡ್ರ್ಯೂ ಡಗ್ಲಾಸ್ ಎಂಬ ಖಗೋಳಜ್ಞ. ಮಂಗಳ ಗ್ರಹದಲ್ಲಿ ಅಲ್ಲಿನ ಬುದ್ಧಿಜೀವಿಗಳೇ ತೋಡಿದ 'ಕಾಲುವೆ'ಗಳಿವೆ ಎನ್ನುತ್ತಿದ್ದ ಪರ್ಸಿವಲ್ ಲೊವೆಲ್ ಅವರ ಮಾತಿನ ಬಗ್ಗೆ ಅನುಮಾನಪಟ್ಟು, ಅರಿಝೋನಾದಲ್ಲಿದ್ದ ಅವರ ವೀಕ್ಷಣಾಲಯದ ಕೆಲಸವನ್ನು 1901ರಲ್ಲಿ ಕಳೆದುಕೊಂಡವರು. ಅನ್ಯಗ್ರಹದ ಹುಚ್ಚಿಗೆ ಅರಿಝೋನಾ ಹೊಸದಲ್ಲ, ನೋಡಿ! ಮರಗಳಲ್ಲಿ ಅವರು ಹುಡುಕಹೊರಟದ್ದು ಸೂರ್ಯಕಲೆಗಳ ಹನ್ನೊಂದು ವರ್ಷಗಳ ಚಕ್ರವನ್ನು, ಸಿಕ್ಕಿದ್ದು ಚರಿತ್ರೆ.

ಅಲ್ಲಿನ ಪೈನ್ ಮರಕ್ಕೆ ನೀರು ಸಿಕ್ಕ ವರ್ಷ ದಪ್ಪ ಉಂಗುರ, ಬರ ಬಿದ್ದ ವರ್ಷ ಕೂದಲೆಳೆಯಂಥ ಉಂಗುರ. ದಪ್ಪ, ದಪ್ಪ, ತೆಳು, ದಪ್ಪ, ತೆಳು, ತೆಳು: ಈ ಗತಿ ಸುತ್ತಲಿನ ಸೀಮೆಯ ಮರಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ. ತನಿ ಆವರ್ತನದ ನಡುವೆ ಬಂದು ಕುಳಿತ ರಸಿಕ ನಾಲ್ಕು ಪೆಟ್ಟು ಕೇಳಿ ತಾಳ ಹಿಡಿಯುವುದಿಲ್ಲವೇ, ಹಾಗೆ ತುಂಡು ತೊಲೆಯೂ ಕಾಲಮಾನದಲ್ಲಿ ತನ್ನ ಜಾಗ ಹೇಳುತ್ತದೆ. ಹರಿದ ಸೀರೆಯ ತುಂಡುಗಳನ್ನು ಅಂಚಿನ ಗೀರು ನೋಡಿ ಕೂಡಿಸಿದಂತೆ ಎನ್ನಿ. ಇಲ್ಲವೇ ಹೆಂಚು ಹೊದಿಸಿದಂತೆ: ಇಂದು ಕಡಿದ ಮರದ ಒಳಗಿನ ಉಂಗುರಗಳು ಹಳೆಯ ಮನೆಯ ತೊಲೆಯ ಹೊರಗಿನ ಉಂಗುರಗಳ ಮೇಲೆ, ಅದರ ಒಳಗಿನವು ಇನ್ನೂ ಹಳೆಯದರ ಮೇಲೆ.

ಹೋಪಿಗಳ ಒರೈಬಿ ಊರಿನಲ್ಲಿ ಉಂಗುರ ನೋಡಲು ತೊಲೆ ಕೊರೆಯಬೇಕಿದ್ದರೆ ಒಂದು ಕರಾರಿತ್ತು. ಕೊಳೆಸುವ ಭೂತ ಒಳಹೊಕ್ಕದಂತೆ ತೂತಿಗೆ ಫಿರೋಜಾ ಕಲ್ಲಿನ ಚೂರು ಇಡಬೇಕು. ಮೂಢನಂಬಿಕೆ ಕಂಡರೆ ಸಿಡುಕುವ ನನಗೂ ಇದು ಹಿಡಿಸಿತು. ತೂತು ಮುಚ್ಚುವುದು ಹೇಗಿದ್ದರೂ ಒಳ್ಳೆಯದೇ.

ಇಷ್ಟಾದರೂ ಸರಪಳಿ ಎರಡು ತುಂಡಾಗಿಯೇ ಉಳಿದಿತ್ತು. ಒಂದಕ್ಕೆ ಇಸವಿ ಗೊತ್ತು, 585 ವರ್ಷ ಉದ್ದದ ಇನ್ನೊಂದಕ್ಕೆ ಗೊತ್ತಿಲ್ಲ. 1929ರ ಜೂನ್ 22ರಂದು ಶೋ ಲೋ ಎಂಬ ಊರಿನ ಹಾಳುಗೋಡೆಗಳ ನಡುವೆ ಸುಟ್ಟು ಇದ್ದಿಲಾದ ತೊಲೆಯೊಂದು ಸಿಕ್ಕಿತು. ಅದರಲ್ಲಿದ್ದವು 1237ರಿಂದ 1380ರವರೆಗಿನ ಉಂಗುರಗಳು. ಕೊಂಡಿ ಕೂಡಿತು!

ಆಮೇಲೆ ಬೆಟಾಟಾಕಿನ್ ಬಂಡೆಮನೆಗಳೂ ಬಾಯಿಬಿಟ್ಟವು. 1269ರಲ್ಲಿ ಮರ ಕಡಿದು ಪೇರಿಸಿಟ್ಟು, 1275ರ ಹೊತ್ತಿಗೆ ಮನೆ ಕಟ್ಟಿದ್ದಾರೆ. ಅಂದರೆ ಯಾರು ಬಂದು ನೆಲೆಸುತ್ತಾರೆಂಬ ಲೆಕ್ಕ ಮೊದಲೇ ಇತ್ತು. ಮರುವರ್ಷವೇ ತೆಳು ಉಂಗುರಗಳ ಸಾಲು ಶುರು: 1276ರಿಂದ 1299ರವರೆಗೆ ಬರ. ಕೊರಕಲು ಬಿದ್ದು ಅಂತರ್ಜಲವೂ ಇಳಿಯಿತು. 1300ರ ಹೊತ್ತಿಗೆ ಊರು ಖಾಲಿ. ಇದಕ್ಕೆ ನಮ್ಮಲ್ಲಿ ಗುಳೆ ಹೋಗುವುದು ಎನ್ನುತ್ತಾರೆ, ಮಾಯವಾಗುವುದು ಎನ್ನುವುದಿಲ್ಲ.

ಮುಂದಿನದು ದಾಖಲೆಗಳ ಕಾಲ. 1540ರಲ್ಲಿ ಚಿನ್ನ ಹುಡುಕುತ್ತ ಬಂದ ಸ್ಪೇನಿನ ಕೊರೊನಾಡೊ, 1821ರಲ್ಲಿ ಈ ನೆಲ ಮೆಕ್ಸಿಕೊ ಪಾಲು, 1848ರ ಯುದ್ಧಾನಂತರದ ಒಪ್ಪಂದದಲ್ಲಿ ಅಮೆರಿಕದ ಪಾಲು. ದಕ್ಷಿಣದ ಪಟ್ಟಿಯನ್ನು ಮೆಕ್ಸಿಕೊದಿಂದ 1854ರಲ್ಲಿ ಒಂದು ಕೋಟಿ ಡಾಲರಿಗೆ ಖರೀದಿ. ನ್ಯಾಯಾಧೀಶರನ್ನು ಮತದಾರರೇ ಕೆಳಗಿಳಿಸುವ ಅಂಶ ಅರಿಝೋನಾ ಬರೆದುಕೊಂಡ ಸಂವಿಧಾನದಲ್ಲಿದೆಯೆಂದು ಅಧ್ಯಕ್ಷ ಟ್ಯಾಫ್ಟ್ 1911ರಲ್ಲಿ ರಾಜ್ಯ ಸ್ಥಾನಮಾನ ತಡೆದರು. ಅದನ್ನು ತೆಗೆದು 1912ರ ಫೆಬ್ರವರಿ 14ರಂದು 48ನೆಯ ರಾಜ್ಯವಾದ ಅರಿಝೋನಾ, ಅದೇ ವರ್ಷ ಅದನ್ನು ಮರಳಿ ಸೇರಿಸಿಕೊಂಡಿತು. ಹೋಪಿಗಳಂಥ ಮೂಲನಿವಾಸಿಗಳಿಗೆ ಅಲ್ಲಿ ಮತದಾನದ ಹಕ್ಕು ದಕ್ಕಿದ್ದು 1948ರಲ್ಲಿ.

ರಾಜ್ಯ ಹುಟ್ಟಿದ ಆ ವರ್ಷಗಳ ಉಂಗುರಗಳು ದಪ್ಪ. ಆ ತುಂಬು ಹರಿವನ್ನೇ ನೆಚ್ಚಿ 1922ರಲ್ಲಿ ಕೊಲರಾಡೊ ನದಿಯ ನೀರನ್ನು ಏಳು ರಾಜ್ಯಗಳಿಗೆ ಹಂಚುವ ಒಪ್ಪಂದವಾಯಿತು. 1976ರಲ್ಲಿ ಹಳೆಯ ಮರಗಳ ಉಂಗುರಗಳನ್ನು ಅಳೆದು ನೋಡಿದರೆ, ಹಂಚಿದಷ್ಟು ನೀರು ಆ ನದಿಯಲ್ಲಿ ಸಾಮಾನ್ಯವಾಗಿ ಹರಿಯುವುದೇ ಇಲ್ಲ.