ಜೀವಕೋಶದೊಳಗೆ ಹೊಳೆಯುವ ಪ್ಲಾಸ್ಟಿಕ್ ಕಣ ಬಂದ ದಾರಿ

ಚಿಟಿಕೆ ಅರಸಿನ ಪುಡಿಯನ್ನು ಸ್ಯಾನಿಟೈಸರ್‌ನಲ್ಲಿ ಕಲಸಿ, ಬದಿಯಡ್ಕದಂಥ ಪೇಟೆಯ ಅಂಗಡಿಗಳಲ್ಲಿ ಕಳ್ಳನೋಟು ಹಿಡಿಯಲು ಇಡುತ್ತಾರಲ್ವಾ, ಆ ನೇರಳೆ ದೀಪದ ಕೆಳಗೆ ಇಡಿ. ಹಸಿರು ಹಳದಿಯಾಗಿ ಹೊಳೆಯುತ್ತದೆ. ಒಂದು ಬೆಳಕನ್ನು ನುಂಗಿ ಬೇರೆ ಬಣ್ಣದ ಬೆಳಕು ಬಿಡುವ ಈ ಗುಣಕ್ಕೆ 1852ರಲ್ಲಿ ಜಾರ್ಜ್ ಸ್ಟೋಕ್ಸ್ ಫ್ಲೋರೆಸೆನ್ಸ್ ಎಂದು ಹೆಸರಿಟ್ಟರು.

ಜೀವಕೋಶ ನೋಡುವವರಿಗೆ ಇದು ಯಾಕೆ ಬೇಕಾಯಿತು? ಜೀವಂತ ಕೋಶ ಹೆಚ್ಚುಕಡಿಮೆ ನೀರಿನಂತೆ ಪಾರದರ್ಶಕ. ಬಣ್ಣ ಹಾಕದಿದ್ದರೆ ಒಳಗಿನದು ಸರಿಯಾಗಿ ಕಾಣುವುದಿಲ್ಲ. ಹೊಳೆಯುವ ಬಣ್ಣಗಳೇನೋ ಬಂದವು, ಆದರೆ ಸೂಕ್ಷ್ಮದರ್ಶಕದ ಜೋರು ಬೆಳಕಿಗೆ ಅವು ಬೇಗ ಮಾಸುತ್ತಿದ್ದವು. 1962ರಲ್ಲಿ ಒಸಾಮು ಶಿಮೊಮುರಾ ಒಂದು ಜಾತಿಯ ಅಂಬಲಿಮೀನಿನಿಂದ (ಜೆಲ್ಲಿಫಿಶ್) ಹಸಿರಾಗಿ ಹೊಳೆಯುವ ಪ್ರೋಟೀನನ್ನು ಬೇರ್ಪಡಿಸಿದರು. 1994ರಲ್ಲಿ ಮಾರ್ಟಿನ್ ಚಾಲ್ಫಿ ಅದರ ಜೀನನ್ನು ಬ್ಯಾಕ್ಟೀರಿಯಾಕ್ಕೂ ಪುಟ್ಟ ಹುಳಕ್ಕೂ ಸೇರಿಸಿ ಅವನ್ನೇ ಬೆಳಗಿಸಿದರು. ಚೆಂದದ ಕೆಲಸ, 2008ರ ನೊಬೆಲ್ ಸಿಕ್ಕಿತು. ಆದರೆ ಇದಕ್ಕೆ ಕೋಶದ ಜೀನನ್ನೇ ಮುಟ್ಟಬೇಕು.

1998ರಲ್ಲಿ ಕ್ವಾಂಟಮ್ ಡಾಟ್, ಅಂದರೆ ಹೊಳೆಯುವ ಅತಿಸಣ್ಣ ಅರೆವಾಹಕ ಹರಳು, ಕೋಶಗಳೊಳಗೆ ಹೋಯಿತು. ಜಾಸ್ತಿ ಹೊಳಪು, ಮಾಸುವುದೂ ಕಡಿಮೆ. ತೊಂದರೆ ಏನೆಂದರೆ ಅವುಗಳಲ್ಲಿ ಹೆಚ್ಚಿನವಕ್ಕೆ ಕ್ಯಾಡ್ಮಿಯಂ ಬೇಕು, ಅದು ವಿಷ. ಗೇರುತೋಟಗಳ ಮೇಲೆ ಎಂಡೋಸಲ್ಫಾನ್ ಸುರಿದದ್ದನ್ನು ಕಂಡ ನಮ್ಮ ಕಾಸರಗೋಡಿನವರಿಗೆ, ಒಳಗೆ ಹೋದದ್ದು ಆಮೇಲೆ ಏನಾಗುತ್ತದೆ ಎಂದು ಕೇಳುವುದನ್ನು ಯಾರೂ ಹೇಳಿಕೊಡಬೇಕಿಲ್ಲ.

ಕ್ಯಾಡ್ಮಿಯಂ ಇಲ್ಲದೆ ಹೊಳೆಯಿಸುವ ಒಂದು ದಾರಿ ಪ್ಲಾಸ್ಟಿಕ್ಕಿನಿಂದ ಬಂತು. ಪ್ಲಾಸ್ಟಿಕ್ ಎಂದರೆ ಪಾಲಿಮರ್, ಸರಪಳಿಯಂಥ ಉದ್ದದ ಅಣು. ಕೆಲವು ಪಾಲಿಮರ್‌ಗಳಲ್ಲಿ ವಿದ್ಯುತ್ ಹರಿಯುತ್ತದೆ ಎಂದು 1977ರಲ್ಲಿ ಗೊತ್ತಾಗಿತ್ತು. 1990ರಲ್ಲಿ ಕೇಂಬ್ರಿಡ್ಜ್‌ನವರು ಅಂಥ ಪಾಲಿಮರಿನಿಂದ ಬೆಳಕನ್ನೂ ಹೊರಡಿಸಿದರು. ಆ ಉದ್ದುದ್ದ ಸರಪಳಿಗಳನ್ನು ಒಂದು ದ್ರಾವಕದಲ್ಲಿ ಕರಗಿಸಿ ಸರ್ರನೆ ನೀರಿಗೆ ಚುಚ್ಚಿದರೆ, ನೀರು ಸೇರದ ಅವು ಮುದುಡಿ ಮುದುಡಿ ಉಂಡೆಯಾಗುತ್ತವೆ, ಮಿಲಿಮೀಟರಿನ 10 ಲಕ್ಷದಲ್ಲಿ ಹತ್ತಿಪ್ಪತ್ತು ಪಾಲಿನಷ್ಟು ಸಣ್ಣ ಉಂಡೆ. 2008ರಲ್ಲಿ ಅಮೆರಿಕದ ಕ್ಲೆಮ್ಸನ್ ವಿಶ್ವವಿದ್ಯಾಲಯದ ತಂಡ ಹಲವು ಬಣ್ಣದ ಇಂಥ ಕಣಗಳನ್ನು ಕೋಶಗಳಿಗೆ ಕೊಟ್ಟು ತೋರಿಸಿತು. ಒಂದೊಂದು ಉಂಡೆಯಲ್ಲೂ ಬೆಳಕು ಹೀರುವ ಭಾಗಗಳು ತುಂಬಾ ಇರುವುದರಿಂದ ಹೊಳಪು ಜೋರು.

ಆದರೆ ಒತ್ತೊತ್ತಾಗಿ ಕೂತಾಗ ಹೊಳಪು ಕುಂದುವ ಗುಣ ಬಹಳ ಬಣ್ಣಗಳಿಗಿದೆ. ಹಾಂಗ್‌ಕಾಂಗ್‌ನಲ್ಲಿ ಬೆನ್ ಝೋಂಗ್ ಟಾಂಗ್ ಅವರ ತಂಡ 2001ರಲ್ಲಿ ಇದಕ್ಕೆ ಪೂರ್ತಿ ಉಲ್ಟಾ ಇರುವ ಅಣುಗಳನ್ನು ಕಂಡಿತು. ಒಂಟಿಯಾಗಿದ್ದಾಗ ಇವುಗಳ ತುದಿಗಳು ಗರಗರ ತಿರುಗಿ ಶಕ್ತಿ ಕಳೆಯುತ್ತವೆ. ಗುಂಪಾದರೆ ತಿರುಗಲು ಜಾಗವಿಲ್ಲ, ಶಕ್ತಿ ಬೆಳಕಾಗಿ ಬರುತ್ತದೆ. ಇದು ನನಗೆ ಈ ಕಥೆಯಲ್ಲೇ ಬಹಳ ಇಷ್ಟದ ಭಾಗ. ಈಗ ಅಂಥ ಅಣುಗಳನ್ನೂ ಪಾಲಿಮರ್ ಕಣಗಳಲ್ಲಿ ತುಂಬುತ್ತಾರೆ.

ಕ್ಯಾಡ್ಮಿಯಂ ಹೋಯಿತು, ಸರಿ. ಪ್ಲಾಸ್ಟಿಕ್ ಉಳಿಯಿತಲ್ಲ? ರಕ್ತಕ್ಕೆ ಸೇರಿದ ಕಣಗಳು ಯಕೃತ್ತಿನಲ್ಲೂ ಗುಲ್ಮದಲ್ಲೂ ನಿಲ್ಲುತ್ತವೆ, ಗಟ್ಟಿ ಸರಪಳಿ ಸುಲಭಕ್ಕೆ ತುಂಡಾಗುವುದಿಲ್ಲ. ಹಾಗಾಗಿ ದೇಹವೇ ಕಡಿಯಬಲ್ಲ ಕೊಂಡಿಗಳನ್ನು ಸರಪಳಿಯ ನಡುನಡುವೆ ಕೂರಿಸುವ ಪ್ರಯತ್ನ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.