ಬಡ್ಡಿಗೆ ಲಾಭ ಎಂದು ಹೆಸರಿಟ್ಟರೆ ಅದು ಬಡ್ಡಿಯಲ್ಲವೇ?

ಪ್ರಶ್ನೆ: ದುಬೈನಲ್ಲಿ ಅಂಗಡಿ ಇಟ್ಟಿದ್ದೇನೆ, ಸರಕು ಸಾಗಿಸಲು ವ್ಯಾನ್ ಬೇಕು. ಇಸ್ಲಾಮಿಕ್ ಬ್ಯಾಂಕಿನವರು ಬಡ್ಡಿಯಿಲ್ಲ ಎನ್ನುತ್ತಾರೆ. ಕಂತು ಕೂಡಿಸಿ ನೋಡಿದರೆ ಬೇರೆ ಬ್ಯಾಂಕಿನಷ್ಟೇ ಆಗುತ್ತದೆ. ಹಾಗಾದರೆ ವ್ಯತ್ಯಾಸವೇನು?

ಉತ್ತರ: ನಿಮ್ಮ ಅನುಮಾನ ನ್ಯಾಯವಾದದ್ದೇ. ಆದರೆ ವ್ಯತ್ಯಾಸವನ್ನು ಮೊತ್ತದಲ್ಲಿ ಹುಡುಕಬೇಡಿ. ನಿಮ್ಮ ಕೈಗೆ ಬರುವ ಮುನ್ನ ವ್ಯಾನ್ ಯಾರದಾಗಿತ್ತು ಎಂದು ಕೇಳಿ.

ಕೊಟ್ಟ ಸಾಲದ ಮೇಲೆ ಹೆಚ್ಚುವರಿ ಪಡೆಯುವುದಕ್ಕೆ ಇಸ್ಲಾಂನಲ್ಲಿ 'ರಿಬಾ' ಎನ್ನುತ್ತಾರೆ, ಅದು ನಿಷಿದ್ಧ. ವ್ಯಾಪಾರದ ಲಾಭಕ್ಕೆ ಅಡ್ಡಿಯಿಲ್ಲ. ಆದ್ದರಿಂದ ಬ್ಯಾಂಕು ನಿಮಗೆ ಹಣ ಕೊಡುವುದಿಲ್ಲ. ತಾನೇ ವ್ಯಾನ್ ಕೊಂಡು ನಿಮಗೆ ಮಾರುತ್ತದೆ. ಇದಕ್ಕೆ ಮುರಾಬಹ ಎನ್ನುತ್ತಾರೆ. ವ್ಯಾನಿನ ಬೆಲೆ 80,000 ದಿರ್ಹಮ್ ಎಂದುಕೊಳ್ಳೋಣ. ಬ್ಯಾಂಕು ಆ ಅಸಲು ಬೆಲೆಯನ್ನು ಮುಚ್ಚಿಡದೆ ಹೇಳಿ, 8,000 ಲಾಭವಿಟ್ಟು, 88,000ಕ್ಕೆ ಕಂತಿನ ಮೇಲೆ ಮಾರುತ್ತದೆ. ತಾನು ಕೊಂಡ ಮೇಲೆ, ನಿಮಗೆ ಮಾರುವ ಮೊದಲು, ಷೋರೂಮಿನ ಅಂಗಳದಲ್ಲೇ ವ್ಯಾನಿಗೆ ಬೆಂಕಿ ಬಿದ್ದರೆ ನಷ್ಟ ಬ್ಯಾಂಕಿನದು. ಮಾರಿದ ಮೇಲೆ ಆ 88,000 ಒಂದು ದಿರ್ಹಮ್ ಕೂಡ ಏರುವಂತಿಲ್ಲ. ಕಂತು ತಪ್ಪಿದ್ದಕ್ಕೆ ದಂಡ ಹಾಕಿದರೂ ಸಾಮಾನ್ಯವಾಗಿ ಅದು ದಾನಕ್ಕೆ ಹೋಗಬೇಕು. ಬಡ್ಡಿಗೆ ಬಡ್ಡಿ ಬೆಳೆದು ಅಸಲನ್ನೇ ನುಂಗುವುದನ್ನು ಕಂಡವರಿಗೆ ಇದು ಸಣ್ಣ ಮಾತಲ್ಲ.

ಆದರೆ ಈ ಒಡೆತನ ಬರಿಯ ಕಾಗದದ್ದಾಗಿದ್ದರೆ? ಗ್ರಾಹಕನಿಗೆ ನಗದು ಒದಗಿಸುವುದಕ್ಕೆಂದೇ ಯಾವುದೋ ಲೋಹವನ್ನು ಅವನಿಗೆ ಕಂತಿನ ಮೇಲೆ ಮಾರಿ, ಅವನ ಪರವಾಗಿ ಅದನ್ನು ಕೂಡಲೇ ಬೇರೆಯವರಿಗೆ ಮಾರಿಸಿಕೊಡುವ ಪದ್ಧತಿಯೂ ಇದೆ. ಅದರ ಹೆಸರು ಸಂಘಟಿತ ತವರ್ರುಖ್. ಅಂತರರಾಷ್ಟ್ರೀಯ ಇಸ್ಲಾಮಿಕ್ ಫಿಖ್ (ಧರ್ಮಶಾಸ್ತ್ರ) ಅಕಾಡೆಮಿಯ ವಿದ್ವಾಂಸರೇ 2009ರಲ್ಲಿ ಅದನ್ನು ತಳ್ಳಿಹಾಕಿದರು. ಅವರು ಮಾಡಿದ್ದು ಸರಿ ಎಂದೇ ನಾನು ನಂಬುತ್ತೇನೆ.

ಮುರಾಬಹ ನಿಜವಾಗಿ ಎರಡು ಮಾರಾಟ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ಅಲ್ಲಿ ಹೀಗೆ ಮನೆ ಕೊಂಡವರ ವ್ಯವಹಾರಕ್ಕೆ ಮುದ್ರಾಂಕ ಶುಲ್ಕ ಎರಡು ಸಲ ಬೀಳುತ್ತಿತ್ತು. 2003ರಲ್ಲಿ ಕಾನೂನು ಬದಲಿಸಿ ಆ ಹೊರೆ ಇಳಿಸಿದರು. ನಮ್ಮ ದೇಶದಲ್ಲಿ 1949ರ ಬ್ಯಾಂಕಿಂಗ್ ನಿಯಂತ್ರಣ ಕಾಯಿದೆಯ 8ನೇ ಕಲಮು ಬ್ಯಾಂಕುಗಳು ಸರಕಿನ ವ್ಯಾಪಾರಕ್ಕೆ ಇಳಿಯುವುದನ್ನೇ ತಡೆಯುತ್ತದೆ. ಊರಿನ ಬ್ಯಾಂಕಿನಲ್ಲಿ ನೀವು ಇಂಥದ್ದನ್ನು ಕಾಣದಿರಲು ಅದೊಂದು ಮುಖ್ಯ ಕಾರಣ.

ಸಹಿ ಹಾಕುವ ಮುನ್ನ ಎರಡು ಕಾಗದ ಕೇಳಿ ಪಡೆಯಿರಿ: ಬ್ಯಾಂಕು ವ್ಯಾನ್ ಕೊಂಡ ಬಿಲ್ಲು ಮತ್ತು ನಿಮಗೆ ಮಾರುವ ಕರಾರು. ಬಿಲ್ಲಿನ ತಾರೀಖು ಮೊದಲಿನದಾಗಿರಬೇಕು. ಇಲ್ಲದಿದ್ದರೆ ಏಕೆಂದು ಅಲ್ಲೇ ಕೇಳಿ.